ನಕ್ಷತ್ರಗಳ ಕಾಳಗವೂ ನಮ್ಮ ಮೇಜಿನ ಖಾನೆಯೂ

ಅರವತ್ತರ ಹತ್ತಿರ ಬಂದ ಸಂಸ್ಕೃತದ ಮೇಷ್ಟ್ರು ಸಿನಿಮಾದ ವಿಷಯ ಬರೆಯುವುದೇ ಒಂದು ಅಪಚಾರವೆಂದು ಎಣಿಸುವವರು ನಮ್ಮ ಬಂಧುವರ್ಗದಲ್ಲಿ ಕೆಲವರುಂಟು. ಅದರಲ್ಲಿಯೂ ಅದು ಅಮೆರಿಕದ ಸಿನಿಮಾ. ಅದರಲ್ಲಿಯೂ ಆಕಾಶದಲ್ಲಿ ಹಡಗುಗಳು ಹಾರಾಡಿ, ಬೆಳಕಿನ ಕತ್ತಿಗಳು ಝೇಂಕರಿಸಿ, ಮೈಯೆಲ್ಲ ರೋಮವುಳ್ಳ ದೈತ್ಯನೊಬ್ಬನು ಗುರುಗುಟ್ಟುವ ಸಿನಿಮಾ. ಆದರೂ ವಾಚಕರಲ್ಲಿ ನಿಜವನ್ನು ಮುಚ್ಚಿಡುವುದೇಕೆ? ಸುಮಾರು ನಲವತ್ತು ವರ್ಷಗಳಿಂದ ನಾವು ‘ಸ್ಟಾರ್ ವಾರ್ಸ್’ ಎಂಬ ಚಿತ್ರಮಾಲೆಯ ಭಕ್ತರು. ಭಕ್ತರೆಂದಮೇಲೆ ನಿಂದಾಸ್ತುತಿಯ ಅಧಿಕಾರವೂ ನಮಗುಂಟಷ್ಟೆ.

ಮೊದಲನೆಯ ಚಿತ್ರವು 1977ನೆಯ ಇಸವಿ ಮೇ 25ರಂದು ಅಮೆರಿಕದಲ್ಲಿ ಬೆಳಕು ಕಂಡಿತು. ಜಾರ್ಜ್ ಲೂಕಾಸ್ ಎಂಬ ತರುಣ ನಿರ್ದೇಶಕನ ಈ ಕೃತಿ ಹಣ ತರುವುದೆಂಬ ನಂಬಿಕೆ ಹಣ ಹಾಕಿದವರಿಗೇ ಹೆಚ್ಚಾಗಿರಲಿಲ್ಲ. ಆಮೇಲೆ ನಡೆದುದನ್ನು ಲೋಕ ಬಲ್ಲದು. 1980ರಲ್ಲಿ ಎರಡನೆಯದು, 1983ರಲ್ಲಿ ಮೂರನೆಯದು. ಹದಿನಾರು ವರ್ಷ ಬಿಟ್ಟು 1999ರಿಂದ 2005ರ ವರೆಗೆ ಪೂರ್ವಕಥೆಯ ಮೂರು. 2012ರಲ್ಲಿ ಲೂಕಾಸನು ತನ್ನ ಸಂಸ್ಥೆಯನ್ನು ಡಿಸ್ನಿಯವರಿಗೆ ಸುಮಾರು 400 ಕೋಟಿ ಡಾಲರುಗಳಿಗೆ ಮಾರಿದಮೇಲೆ 2015ರಿಂದ 2019ರ ವರೆಗೆ ಉತ್ತರಕಥೆಯ ಮೂರು. ನಡುವೆ ಉಪಕಥೆಗಳು ಬೇರೆ. ನಾವು ಮೊದಲನೆಯದನ್ನು ನೋಡಿದ್ದು ವಿದ್ಯಾರ್ಥಿದೆಶೆಯಲ್ಲಿ, ಮೈಸೂರಿನ ಸ್ನೇಹಿತರೊಬ್ಬರ ಮನೆಯಲ್ಲಿ, ಬಾಡಿಗೆಗೆ ತಂದ ವೀಡಿಯೋ ಕ್ಯಾಸೆಟ್ಟಿನಲ್ಲಿ. ಮರುದಿನ ಕೌಮುದಿಯ ಪರೀಕ್ಷೆಯಿತ್ತು. ಪರೀಕ್ಷೆಯ ಫಲವನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ.

ಇದನ್ನು ವಿಜ್ಞಾನದ ಕಥೆಯೆಂದು ಕರೆಯುವುದು ರೂಢಿ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಈ ಮಾತು ಕೇಳಿದೊಡನೆ ಸಿಟ್ಟಾಗುತ್ತಿದ್ದರು. ಗಾಳಿಯಿಲ್ಲದ ಬಯಲಿನಲ್ಲಿ ಹಡಗು ಸಿಡಿದರೆ ಸದ್ದೆಲ್ಲಿಂದ ಬಂದೀತು? ಪಾರ್ಸೆಕ್ ಎಂಬುದು ದೂರದ ಮಾನವಾಗಿರಲು, ಹ್ಯಾನ್ ಸೋಲೋ ಎಂಬ ನಾವಿಕನು ಅದನ್ನು ಕಾಲದ ಮಾನದಂತೆ ಬಳಸಿ ಜಂಬ ಕೊಚ್ಚುವುದು ಹೇಗೆ? ಅವರ ಆಕ್ಷೇಪಗಳೆಲ್ಲ ನ್ಯಾಯವೇ. ಆದರೆ ಪುಷ್ಪಕವಿಮಾನಕ್ಕೆ ಇಂಧನವೇನೆಂದು ಯಾರೂ ಕೇಳಿದ್ದಿಲ್ಲ. ಇದು ವಿಜ್ಞಾನದ ಉಡುಪು ತೊಟ್ಟ ಪುರಾಣ. ಪುರಾಣವೆಂದು ತಿಳಿದು ನೋಡಿದರೆ ಸುಖವುಂಟು. ಮೇಲಾಗಿ, ಇರಲಾರದ ಆ ಸದ್ದುಗಳನ್ನು ಹುಟ್ಟಿಸಿದ ಬೆನ್ ಬರ್ಟ್ ಎಂಬಾತನ ಜಾಣ್ಮೆಯನ್ನು ನೋಡಿ: ಬೆಳಕಿನ ಕತ್ತಿಯ ಝೇಂಕಾರವನ್ನು ಹಳೆಯ ಸಿನಿಮಾ ಯಂತ್ರದ ಮೋಟಾರಿನ ಗುಂಯ್‌ಗುಡುವಿಕೆಯಿಂದಲೂ ಟೆಲಿವಿಷನ್ನಿನ ಕೊಳವೆಯ ಸದ್ದಿನಿಂದಲೂ ಕಡೆದನು, ಶತ್ರುಗಳ ಹಡಗಿನ ಚೀತ್ಕಾರಕ್ಕೆ ಆನೆಯ ಘೀಂಕಾರವನ್ನು, ಒದ್ದೆ ರಸ್ತೆಯ ಮೇಲೆ ಓಡುವ ಕಾರಿನ ಸದ್ದಿನೊಡನೆ ಬೆರೆಸಿದನು. ಆ ಹಡಗು ಬಂದಾಗಲೆಲ್ಲ ನಮಗೆ ದಸರೆಯ ನೆನಪಾಗುತ್ತಿದ್ದುದಕ್ಕೆ ಕಾರಣವಿದ್ದಿತೆಂದು ಬಹುಕಾಲದ ಮೇಲೆ ತಿಳಿಯಿತು.

ಎರಡನೆಯ ಚಿತ್ರದಲ್ಲಿ ಯೋಡಾ ಎಂಬ ಗುರು ಬರುತ್ತಾನೆ. ಮೊಣಕಾಲೆತ್ತರ, ಹಸುರು ಮೈ, ದೊಡ್ಡ ಕಿವಿ, ಒಂಬೈನೂರು ವರ್ಷದ ಹತ್ತಿರದ ವಯಸ್ಸು. ಫ್ರ್ಯಾಂಕ್ ಆಜ್ ಎಂಬ ಕಲಾವಿದನು ಆಡಿಸಿದ ಗೊಂಬೆ ಅದು. ಆದರೆ ಎರಡು ನಿಮಿಷದಲ್ಲಿ ಗೊಂಬೆಯೆಂಬುದು ಮರೆತುಹೋಗುತ್ತದೆ. ಅವನು ಇಂಗ್ಲಿಷನ್ನು ಕರ್ಮಪದ ಮೊದಲು, ಕರ್ತೃಪದ ಆಮೇಲೆ ಎಂಬಂತೆ ತಲೆಕೆಳಗಾಗಿ ನುಡಿಯುವನು. ಇಂಗ್ಲಿಷಿನವರಿಗೆ ಇದೊಂದು ದೊಡ್ಡ ವಿಚಿತ್ರ. ಶ್ಲೋಕಗಳಿಗೆ ಅನ್ವಯ ಹೇಳಿ ಹೊಟ್ಟೆ ಹೊರೆದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕನ್ನಡಕ್ಕೆ ತಂದರಂತೂ ಅವನ ಮಾತು ನಮ್ಮ ಪಕ್ಕದ ಮನೆಯವರ ಮಾತಿನಂತೆಯೇ ಇರುತ್ತದೆ. ಗುರುವಿನ ವೈಶಿಷ್ಟ್ಯವೇ ಹಾರಿಹೋಗುತ್ತದೆ!

1999ರ ಚಿತ್ರದಲ್ಲಿ ಇನ್ನೊಂದು ಬೆರಗು ಕಾದಿತ್ತು. ಕೊನೆಯ ಕತ್ತಿಕಾಳಗಕ್ಕೆ ಜಾನ್ ವಿಲಿಯಮ್ಸ್ ಎಂಬ ಸಂಗೀತಗಾರರು ಮೇಳಗಾನವನ್ನು ಕೂಡಿಸಿದ್ದಾರೆ. ಅದರ ಮಾತುಗಳು ಸಂಸ್ಕೃತ! ವೇಲ್ಸ್ ದೇಶದ ಪ್ರಾಚೀನ ಕವಿತೆಯೊಂದರ ಕೆಲವು ಪದಗಳನ್ನು ಸಂಸ್ಕೃತಕ್ಕೆ ತಿರುಗಿಸಿ, ಅಕ್ಷರಗಳ ನಾದಕ್ಕಾಗಿ ಅವನ್ನು ಹಿಂದುಮುಂದು ಮಾಡಿ ಹಾಡಿಸಿದರು. ನಾವು ಎರಡು ಸಂಜೆ ಪೆನ್ಸಿಲು ಹಿಡಿದು ಪದಚ್ಛೇದ ಮಾಡಲು ಕುಳಿತೆವು. ವಿಭಕ್ತಿಯಿಲ್ಲ, ಕ್ರಿಯಾಪದವಿಲ್ಲ, ಸಂಧಿ ಎಲ್ಲಿ ಆಯಿತೆಂಬುದು ಪಾಣಿನಿಗೇ ಗೊತ್ತಾಗದು. ಆದರೂ ಆ ಹಾಡು ಕೇಳಿದರೆ ಮೈ ನವಿರೇಳುತ್ತದೆ. ಇದನ್ನೇ ಹಿಡಿದು, ಆ ಚಿತ್ರದ ರಾಣಿಯ ಹೆಸರು ಪದ್ಮೆಯೆಂಬುದನ್ನೂ ಸೇರಿಸಿಕೊಂಡು, ಇದೆಲ್ಲವೂ ನಮ್ಮಲ್ಲಿಂದಲೇ ಹೋದುದೆಂದು ಸಾಧಿಸತಕ್ಕ ಮಹನೀಯರುಂಟು. ನಮಗೆ ಆ ಚಪಲವಿಲ್ಲ. ಲೂಕಾಸನು ಜಪಾನಿನ ಕುರೊಸಾವಾನ 1958ರ ಚಿತ್ರವೊಂದಕ್ಕೆ ಋಣಿಯೆಂದು ತಾನೇ ಒಪ್ಪಿಕೊಂಡಿದ್ದಾನೆ. ಋಣವನ್ನು ಒಪ್ಪಿಕೊಂಡವನ ಮೇಲೆ ಇಲ್ಲದ ಋಣ ಹೊರಿಸುವುದು ಸಭ್ಯತೆಯಲ್ಲ.

ನಮ್ಮ ಜಗಳ ಬೇರೆಯೊಂದುಂಟು. 1997ರಲ್ಲಿ ಲೂಕಾಸನು ತನ್ನ ಹಳೆಯ ಚಿತ್ರಗಳನ್ನು ತಿದ್ದಿದನು. ಪಾನಗೃಹದಲ್ಲಿ ಸೋಲೋ ತಾನೇ ಮೊದಲು ಗುಂಡು ಹಾರಿಸುತ್ತಿದ್ದುದನ್ನು ಬದಲಿಸಿ, ಎದುರಾಳಿಯೇ ಮೊದಲು ಹಾರಿಸಿ ಗುರಿ ತಪ್ಪಿದಂತೆ ಮಾಡಿದನು. ಇದೂ ಹೋಗಲಿ. 1983ರ ಚಿತ್ರದ ತುದಿಯಲ್ಲಿ, ಕಣ್ಣೆದುರಿಗೆ ಮಗನು ಸಾಯುತ್ತಿರಲು, ಕಪ್ಪು ಮುಖವಾಡದ ಡಾರ್ತ್ ವೇಡರನು ಒಡೆಯನ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡುತ್ತಾನೆ. ಮುಖವಾಡಕ್ಕೆ ಭಾವವಿಲ್ಲ, ಬಾಯಿಂದ ಮಾತಿಲ್ಲ. ಒಳಗೆ ನಡೆಯುವುದೆಲ್ಲವನ್ನೂ ನೋಡುವವನೇ ತಿಳಿಯಬೇಕು. ನಂತರ ಒಡೆಯನನ್ನು ಎತ್ತಿ ಪಾತಾಳಕ್ಕೆ ಎಸೆಯುತ್ತಾನೆ. ಧ್ವನಿಯೆಂದರೇನೆಂದು ಕೇಳಿದ ಶಿಷ್ಯರಿಗೆ ನಾವು ಈ ದೃಶ್ಯವನ್ನು ಹೇಳಿದ್ದುಂಟು, ಆನಂದವರ್ಧನನು ಕ್ಷಮಿಸಲಿ. 2011ರ ಪ್ರತಿಯಲ್ಲಿ ಲೂಕಾಸನು ಆ ಮೌನದೊಳಕ್ಕೆ ‘ಬೇಡ’ ಎಂಬ ಅರಚಾಟವನ್ನು ತುರುಕಿದನು. ವ್ಯಂಗ್ಯವಾಗಿದ್ದುದು ವಾಚ್ಯವಾಯಿತು, ಕಾವ್ಯ ಸತ್ತಿತು. ಸೋಜಿಗವೇನೆಂದರೆ, ಹಳೆಯ ಕಪ್ಪುಬಿಳಿ ಚಿತ್ರಗಳಿಗೆ ಬಣ್ಣ ಬಳಿದು ಕೆಡಿಸುವವರ ವಿರುದ್ಧ 1988ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆ ನಿಂತು ವಾದಿಸಿದವರಲ್ಲಿ ಈತನೂ ಒಬ್ಬ. ಕವಿಗೆ ತಿದ್ದುವ ಹಕ್ಕಿಲ್ಲವೇ ಎಂದು ಕೇಳಬಹುದು. ಉಂಟು, ಹಳೆಯ ಪಾಠವನ್ನು ಬಚ್ಚಿಡುವ ಹಕ್ಕಿಲ್ಲ. ಪುಣೆಯ ಭಂಡಾರಕರ ಸಂಸ್ಥೆಯವರು 1919ರಿಂದ 1966ರ ವರೆಗೆ ದುಡಿದು ಮಹಾಭಾರತವನ್ನು ಶೋಧಿಸಿದರು. ತಾವು ಕೈಬಿಟ್ಟ ಪಾಠಗಳನ್ನು ಸುಡಲಿಲ್ಲ, ಪುಟದ ಕೆಳಗೆ ಅಚ್ಚುಹಾಕಿಸಿದರು. 2025ರ ಜೂನಿನಲ್ಲಿ ಲಂಡನ್ನಿನ ಚಿತ್ರೋತ್ಸವವೊಂದರಲ್ಲಿ 1977ರ ತಿದ್ದದ ಪ್ರತಿಯನ್ನೇ ತೋರಿಸಿದರೆಂದು ಓದಿ, ಅಲ್ಲಿದ್ದವರ ಮೇಲೆ ನಮಗೆ ಹೊಟ್ಟೆಕಿಚ್ಚಾಯಿತು.

ಈಗ ನಾವು ಹೇಳಲು ಹೊರಟ ಮಾತಿಗೆ ಬರುತ್ತೇವೆ. 2017ರ ಡಿಸೆಂಬರಿನಲ್ಲಿ ‘ದಿ ಲಾಸ್ಟ್ ಜೆಡೈ’ ಎಂಬ ಚಿತ್ರ ಬಂದಿತು. ನಿರ್ದೇಶಕ ರಿಯಾನ್ ಜಾನ್ಸನ್. ಅಭಿಮಾನಿಗಳು ಎರಡು ಪಂಗಡವಾಗಿ ಇಂದಿಗೂ ಕಿತ್ತಾಡುವುದು ಇದರ ವಿಷಯಕ್ಕೆ. ಮೊದಲ ಮೂರು ಚಿತ್ರಗಳ ನಾಯಕನಾದ ಲ್ಯೂಕನು ಇದರಲ್ಲಿ ಮುದುಕ. ಸಮುದ್ರದ ನಡುವಣ ದ್ವೀಪದಲ್ಲಿ ಯಾರ ಮುಖವನ್ನೂ ನೋಡದೆ ಕುಳಿತಿದ್ದಾನೆ. ಐರ್ಲೆಂಡಿನ ಸ್ಕೆಲಿಗ್ ಮೈಕೆಲ್ ಎಂಬ, ಹಿಂದೆ ಸನ್ಯಾಸಿಗಳು ಕಲ್ಲುಗುಡಿಸಲು ಕಟ್ಟಿಕೊಂಡಿದ್ದ ಬಂಡೆ ಅದು. ಅವನು ಹೀಗೇಕಾದನು? ಒಂದು ಗುರುಕುಲವನ್ನು ಕಟ್ಟಿದ್ದನು. ಸೋದರಿಯ ಮಗ ಬೆನ್ ಅಲ್ಲಿ ಶಿಷ್ಯ. ಹುಡುಗನ ಮನಸ್ಸಿನಲ್ಲಿ ಕತ್ತಲೆ ಬೆಳೆಯುತ್ತಿರುವುದನ್ನು ಗುರು ಕಂಡನು. ಒಂದು ರಾತ್ರಿ, ಮಲಗಿದ್ದ ಶಿಷ್ಯನ ತಲೆದೆಸೆಯಲ್ಲಿ ನಿಂತು, ಒಂದೇ ಒಂದು ಕ್ಷಣ, ಕತ್ತಿಯನ್ನು ಹೊತ್ತಿಸಿದನು. ಹೊಡೆಯಲಿಲ್ಲ. ಮರುಕ್ಷಣವೇ ನಾಚಿದನು. ಆದರೆ ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟಿದ್ದನು. ಈ ಪ್ರಸಂಗವನ್ನು ಚಿತ್ರದಲ್ಲಿ ಮೂರು ಸಲ ಹೇಳುತ್ತಾರೆ: ಗುರು ತನ್ನ ತಪ್ಪನ್ನು ನುಂಗಿ ಹೇಳುವುದು ಒಂದು, ಶಿಷ್ಯನು ತನಗೆ ಕಂಡಂತೆ ಹೇಳುವುದು ಒಂದು, ಕೊನೆಗೆ ಗುರುವು ನಿಜ ಹೇಳುವುದು ಒಂದು.

ನಾವು ಮಗನೊಡನೆ ಬೆಂಗಳೂರಿನಲ್ಲಿ ನೋಡಿದೆವು. ಹೊರಗೆ ಬಂದೊಡನೆ ಅವನು ಕಿಡಿಕಿಡಿಯಾದನು. ತಂದೆ ಪಾಪಿಯಾದರೂ ಅವನಲ್ಲಿ ಒಳ್ಳೆಯದುಂಟೆಂದು ನಂಬಿ ಕತ್ತಿಯನ್ನೇ ಎಸೆದವನು, ಮಲಗಿದ ಹುಡುಗನ ಮೇಲೆ ಕತ್ತಿ ಎತ್ತುವನೇ? ಲ್ಯೂಕನಾಗಿ ನಟಿಸಿದ ಮಾರ್ಕ್ ಹ್ಯಾಮಿಲ್ಲನೇ ಇದನ್ನು ಒಪ್ಪಲಿಲ್ಲವೆಂದು ಬಹಿರಂಗವಾಗಿ ಹೇಳಿದ್ದಾನೆ, ಎಂದನು. ನಾವು, ‘ಎತ್ತುತ್ತಾನಪ್ಪ’ ಎಂದೆವು. ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳಿದನು. ಬಸ್ಸಿನಲ್ಲಿ ಕುಳಿತಮೇಲೆ ಹೇಳಿದೆವು.

ಬಹಳ ವರ್ಷಗಳ ಹಿಂದೆ, ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ, ಹತ್ತನೆಯ ತರಗತಿಯಲ್ಲಿ ನಮಗೊಬ್ಬ ಶಿಷ್ಯನಿದ್ದನು. ಕೂಲಿಯವರ ಮಗ. ಒಂದು ಸಲ ಕೇಳಿದ ಶ್ಲೋಕವನ್ನು ಮರುದಿನ ಒಪ್ಪಿಸುತ್ತಿದ್ದನು. ಕೋಪವೂ ಹಾಗೆಯೇ ಮೂಗಿನ ತುದಿಯಲ್ಲಿ. ಒಂದು ದಿನ ನಮ್ಮ ಮೇಜಿನ ಖಾನೆಯಲ್ಲಿಟ್ಟಿದ್ದ ಪರೀಕ್ಷಾಶುಲ್ಕದ ಹಣದಲ್ಲಿ ಸ್ವಲ್ಪ ಕಡಮೆಯಾಯಿತು. ಯಾರು ತೆಗೆದರೆಂಬುದು ಇಂದಿಗೂ ತಿಳಿಯದು. ನಾವು ಯಾರನ್ನೂ ಕೇಳಲಿಲ್ಲ, ಯಾರನ್ನೂ ದೂರಲಿಲ್ಲ. ಎರಡು ದಿನ ಕಳೆದು ನಾವು ಒಬ್ಬರೇ ಕುಳಿತಿದ್ದಾಗ ಆ ಹುಡುಗ ಯಾವುದೋ ರೂಪದ ಸಂದೇಹ ಕೇಳಲು ಒಳಗೆ ಬಂದನು. ನಮ್ಮ ಕೈ ತಾನಾಗಿ ಹೋಗಿ ಖಾನೆಯ ಬೀಗವನ್ನು ತಿರುಗಿಸಿತು. ಅಷ್ಟೆ. ಅವನು ಬೀಗವನ್ನು ನೋಡಿದನು, ನಮ್ಮನ್ನು ನೋಡಿದನು. ಸಂದೇಹವನ್ನು ಕೇಳಿದನು, ನಾವು ಉತ್ತರ ಹೇಳಿದೆವು, ನಮಸ್ಕಾರ ಮಾಡಿ ಹೋದನು. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆದೆವು. ಮುಖ್ಯೋಪಾಧ್ಯಾಯರು ವಿಚಾರಿಸಿದಾಗ, ಮನೆಯ ಕಷ್ಟವಿರಬಹುದೆಂದು ಹೇಳಿದೆವು. ಮೂರು ವಾರಗಳಾದಮೇಲೆ ಅವನ ಮನೆಗೆ ಹೋದೆವು. ಅಷ್ಟುಹೊತ್ತಿಗೆ ಅವನು ಯಾವುದೋ ಊರಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದನು. ಅವನ ತಾಯಿ ನಮಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮೇಷ್ಟ್ರು ಮನೆಗೆ ಬಂದರೆಂದು ಸಂತೋಷಪಟ್ಟಳು. ನಾವು ಅವಳಿಗೂ ನಿಜ ಹೇಳಲಿಲ್ಲ.

ಮಗನು ಇಳಿಯುವ ತನಕ ಮಾತಾಡಲಿಲ್ಲ. ಆಮೇಲೆ, ‘ಆದರೂ ಲ್ಯೂಕ್ ಹಾಗೆ ಮಾಡಬಾರದಿತ್ತು’ ಎಂದನು. ಅವನ ಮಾತು ಸರಿ.

2019ರ ಕೊನೆಯ ಚಿತ್ರದ ವಿಷಯದಲ್ಲಿ ಮಾತ್ರ ತಂದೆಮಕ್ಕಳಿಗೆ ಐಕಮತ್ಯವುಂಟಾಯಿತು. ಹಿಂದಿನ ಚಿತ್ರದಲ್ಲಿ ರೇ ಎಂಬ ನಾಯಿಕೆಯು ಹೆಸರಿಲ್ಲದವರ ಮಗಳೆಂದಿದ್ದರು; ಅನಾಥೆಗೂ ಶಕ್ತಿ ಒಲಿಯಬಹುದೆಂದಿದ್ದರು. ಲಾಯ ಗುಡಿಸುವ ಹುಡುಗನೊಬ್ಬನು ಪೊರಕೆಯನ್ನು ಮುಟ್ಟದೆಯೇ ಕೈಗೆ ಬರಮಾಡಿಕೊಂಡು ನಕ್ಷತ್ರಗಳನ್ನು ನೋಡುವುದರಲ್ಲಿ ಆ ಚಿತ್ರ ಮುಗಿಯುತ್ತದೆ. ಇಷ್ಟು ಸೊಗಸಾದ ಮಾತನ್ನು ಹಿಂತೆಗೆದುಕೊಂಡು, ಸತ್ತಿದ್ದ ಚಕ್ರವರ್ತಿಯನ್ನು ಬದುಕಿಸಿ, ಅವಳು ಅವನ ಮೊಮ್ಮಗಳೆಂದುಬಿಟ್ಟರು. ಕರ್ಣನ ಕಥೆಯಲ್ಲಿ ಕುಲ ಕೊನೆಗೆ ತಿಳಿದಾಗ ಎದೆ ಒಡೆಯುತ್ತದೆ. ಇಲ್ಲಿ ತಿಳಿದಾಗ ಆಕಳಿಕೆ ಬಂದಿತು.

ಹೋದ ಸಲ ಮಗನು ಊರಿಗೆ ಬಂದಾಗ 2017ರ ಚಿತ್ರವನ್ನು ಮನೆಯಲ್ಲಿಯೇ ಮತ್ತೆ ನೋಡಿದೆವು. ಅವನು ಅದನ್ನು ಇಂದಿಗೂ ಒಪ್ಪಿಲ್ಲ. ನಡುನಡುವೆ ದೋಷ ಹೇಳುತ್ತಲೇ ಇದ್ದನು. ಗುರು ಕತ್ತಿ ಹೊತ್ತಿಸುವ ದೃಶ್ಯ ಬಂದೊಡನೆ ಮಾತ್ರ ಚಿತ್ರವನ್ನು ನಿಲ್ಲಿಸಿ, ‘ಆ ಹುಡುಗನ ಹೆಸರೇನಪ್ಪ?’ ಎಂದು ಕೇಳಿದನು. ನಾವು ಹೇಳಿದೆವು.