ಮನಿ ಪಟ್ಟಿಯ ಮಾತು

ಮಂಗಳೂರು ಎಂದ ಕೂಡಲೇ ಬಾಯಲ್ಲಿ ಮೀನಿನ ರುಚಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಆ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿನದು. ನಮಗೆ ಕಡಲಿಲ್ಲ, ಕಡಲೆ ಇದೆ. ಎರಿ ಹೊಲ, ಬಿಳಿಜೋಳ, ಮಳೆ ಕೈಕೊಟ್ಟರೆ ಅದೂ ಇಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಮಂದಿ ಗಂಟು ಕಟ್ಟಿಕೊಂಡು ಗೌಂಡಿ ಕೆಲಸಕ್ಕೆ ಹೋಗುವ ಊರುಗಳಲ್ಲಿ ಆ ಮಂಗಳೂರೂ ಒಂದು. ಅಲ್ಲಿ ಮಂದಿಯ ಮನೆಗೆ ಸ್ಲ್ಯಾಬ್ ಹಾಕುತ್ತಾರೆ, ಇಲ್ಲಿ ತಮ್ಮ ಮನೆಗೆ ಕೀಲಿ ಹಾಕಿರುತ್ತಾರೆ. ಕೀಲಿ ಹಾಕಿದ ಮನೆಗೂ ಪಟ್ಟಿ ಬೀಳುತ್ತದೆ.

ಪಟ್ಟಿ ಎಂದರೆ ಮನಿ ಪಟ್ಟಿ. ಕಾಗದದ ಮೇಲೆ ಅದು ಕಟ್ಟಡ ಮತ್ತು ನಿವೇಶನದ ಮೇಲಿನ ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ವಸೂಲಿ ಮಾಡುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಆದರೆ ಊರಲ್ಲಿ ಕಾಯ್ದೆಯ ಮುಖ ಕಂಡವರು ಯಾರು? ಎಲ್ಲರೂ ಕಂಡಿರುವುದು ಬಿಲ್ ಕಲೆಕ್ಟರ್ ಮುಖ. ಅವನಿಗೆ ಯಾರ ಮನೆಯವರು ಯಾವಾಗ ಊರಿಗೆ ಬರುತ್ತಾರೆಂಬ ಲೆಕ್ಕ ಜೋಯಿಸರಿಗಿಂತ ಚೆನ್ನಾಗಿ ಗೊತ್ತು. ಯುಗಾದಿ, ನಾಗರ ಪಂಚಮಿ, ಕೊಪ್ಪಳದ ಗವಿಮಠದ ಜಾತ್ರೆ. ಬಸ್ಸಿಳಿದು ಚೀಲ ಕೆಳಗಿಡುವಷ್ಟರಲ್ಲಿ ಕಟ್ಟೆಯ ಮೇಲಿಂದ ದನಿ ಬರುತ್ತದೆ: "ಯಣ್ಣಾ, ಆರಾಮಿದ್ದೀರೇನ್ರಿ? ಪಟ್ಟಿ ಎರಡ ವರ್ಷದ್ದು ಉಳದೈತ್ರಿ."

ಅವನನ್ನು ಬೈದು ಉಪಯೋಗವಿಲ್ಲ. ಪಂಚಾಯಿತಿಗೆ ಮೇಲಿನಿಂದ ಬರುವ ಹಣವೆಲ್ಲ ಯಾವುದಕ್ಕೆ ಖರ್ಚಾಗಬೇಕೆಂದು ಹಣೆಬರಹ ಬರೆಸಿಕೊಂಡೇ ಬಂದಿರುತ್ತದೆ. ತನ್ನದು ಅಂತ ಕೈಯಲ್ಲಿ ಆಡಿಸುವ ದುಡ್ಡು ಈ ಪಟ್ಟಿ, ನೀರಿನ ಕರ, ಸಂತೆ ಹರಾಜು ಇಷ್ಟೇ. ಬಹುಕಾಲ ಬಿಲ್ ಕಲೆಕ್ಟರನ ಪಗಾರ, ವಾಟರ್‌ಮನ್ ಪಗಾರ ಇದರಲ್ಲೇ ಹುಟ್ಟಬೇಕಿತ್ತು. ಮೋಟರು ಸುಟ್ಟರೆ ಎಲ್ಲಿಂದ ತರುತ್ತಾರೆ? ಪಟ್ಟಿ ಬೇಡವೇ ಬೇಡ ಎನ್ನುವ ಪೈಕಿ ನಾನಲ್ಲ.

ನನ್ನ ತಕರಾರು ಬೇರೆ. ಈ ಪಟ್ಟಿ ಮನೆಯನ್ನು ನೋಡುತ್ತದೆ, ಮನೆಯೊಳಗೆ ಕೂತವರನ್ನು ನೋಡುವುದಿಲ್ಲ. ಎಷ್ಟು ಉದ್ದ, ಎಷ್ಟು ಅಗಲ, ಮಣ್ಣಿನದೋ ಆರ್‌ಸಿಸಿಯೋ, ಅಷ್ಟೇ. ವಸತಿ ಯೋಜನೆಯಲ್ಲಿ ಒಂದು ಪುಟ್ಟ ಆರ್‌ಸಿಸಿ ಮನೆ ಕಟ್ಟಿಕೊಂಡ ವಿಧವೆ ಮಾಳಿಗೆ ಮನೆಯಲ್ಲಿದ್ದಾಗ ಎಷ್ಟು ದುಡಿಯುತ್ತಿದ್ದಳೋ ಈಗಲೂ ಅಷ್ಟೇ ದುಡಿಯುತ್ತಾಳೆ. ಚಾವಣಿ ಗಟ್ಟಿಯಾಯಿತು, ಕೂಲಿ ಗಟ್ಟಿಯಾಗಲಿಲ್ಲ. ಪಟ್ಟಿಗೆ ಮಾತ್ರ ಚಾವಣಿಯೇ ಕಾಣುತ್ತದೆ.

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಕೂತರಂತೆ. ಆ ಲೆಕ್ಕ ನಮ್ಮ ಕಡೆ ಬಂದಿದ್ದರೆ ಸರ್ಕಾರ ದಿವಾಳಿ ಎದ್ದು ಹೋಗುತ್ತಿತ್ತು. ಮಾಳಿಗೆ ಮನೆಗಳಿಗೆ ಕಿಟಕಿ ಎಲ್ಲಿದೆ? ಮೇಲೊಂದು ಬೆಳಕಿಂಡಿ, ಅದನ್ನೂ ಮಳೆ ಬಂದರೆ ಮುಚ್ಚುವುದು. ಅದೇ ಇಂಗ್ಲೆಂಡಿನವರು ಈಗ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಆದಾಯ ಕಡಿಮೆ ಇದ್ದವರು ಅರ್ಜಿ ಕೊಟ್ಟರೆ ಅಲ್ಲಿನ ಸ್ಥಳೀಯ ಸಂಸ್ಥೆ ಮನೆ ತೆರಿಗೆಯಲ್ಲಿ ಒಂದು ಭಾಗ ಇಳಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ, ಬಡ ವೃದ್ಧರ ಗಳಿಕೆಗೆ ಮೀರಿ ಮನೆ ತೆರಿಗೆ ಬಿದ್ದರೆ ಒಂದಿಷ್ಟನ್ನು ರಾಜ್ಯವೇ ವಾಪಸ್ ಕೊಡುವ ಏರ್ಪಾಡು ಮಾಡಿತು.

ನಮ್ಮಲ್ಲಿ ರಿಯಾಯಿತಿ ಇಲ್ಲವೆಂದಲ್ಲ, ಇದೆ. ಕೊಪ್ಪಳ, ಗಂಗಾವತಿಯ ನಗರಸಭೆ, ಕುಷ್ಟಗಿ ಪುರಸಭೆಯಂಥ ಕಡೆ ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ 5% ಬಿಡುತ್ತಾರೆ. ಜೂನ್ ದಾಟಿದರೆ ತಿಂಗಳಿಗೆ 2% ದಂಡ. ಏಪ್ರಿಲ್‌ನಲ್ಲಿ ಪೂರ್ತಿ ದುಡ್ಡು ಕೈಯಲ್ಲಿರುವವರು ಯಾರು ಎಂದು ಯಾರಾದರೂ ಯೋಚಿಸಿದ್ದಾರೆಯೇ? ಪಗಾರದಾರರು, ಅಂಗಡಿಯವರು. ಕೂಲಿಯವನು ಏಪ್ರಿಲ್‌ನಲ್ಲಿ ಬೇರೆ ಊರಿನ ಸೆಂಟ್ರಿಂಗ್ ಹಲಗೆಯ ಮೇಲೆ ನಿಂತಿರುತ್ತಾನೆ. ಇನ್ನೊಂದು ಬಗೆಯ ರಿಯಾಯಿತಿ ಬಡ್ಡಿ ಮನ್ನಾ. ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆ 'ಒನ್ ಟೈಮ್ ಸೆಟಲ್‌ಮೆಂಟ್' ಎಂದು ಹಳೇ ಬಾಕಿಯವರಿಗೆ ಬಡ್ಡಿ ಬಿಟ್ಟಿತು. ಅಂದರೆ ಬೇಗ ಕಟ್ಟಿದವನಿಗೆ ಒಂದು ಬಹುಮಾನ, ಕಟ್ಟದೇ ಕೂತವನಿಗೆ ಇನ್ನೊಂದು. ಕೋಳಿ ಮಾರಿ, ಸಂಘದಲ್ಲಿ ಸಾಲ ಎತ್ತಿ, ತಡವಾಗಿಯಾದರೂ ಕಟ್ಟಿದವಳಿಗೆ ಎರಡರಲ್ಲೂ ಪಾಲಿಲ್ಲ.

ಹಳೇ ಕಾಲದ ಅರಸರಿಗೂ ಬಡವರ ತೆರಿಗೆ ಬಿಡುವುದು ಗೊತ್ತಿತ್ತು, ಆದರೆ ಅದಕ್ಕೊಂದು ದಾರಿ ಬೇಕಿತ್ತು. 16ನೆಯ ಶತಮಾನದಲ್ಲಿ ಬಾದಾಮಿಯ ಕೊಂಡೋಜ ಎಂಬ ನಾವಿದ ವಿಜಯನಗರದ ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿ ನಾವಿದರಿಗೆಲ್ಲ ತೆರಿಗೆ ಮಾಫಿ ಮಾಡಿಸಿದ. ಶಾಸನಗಳು ಸಾಕ್ಷಿ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಜಯನಗರದ ಇಡೀ ಆಡಳಿತದಲ್ಲಿ ಕತ್ತಿ ಹಿಡಿದು ದೊರೆಯ ಕುತ್ತಿಗೆಯ ಹತ್ತಿರ ನಿಲ್ಲಬಹುದಾಗಿದ್ದ ಬಡವ ಅವನೊಬ್ಬನೇ. ಕುಂಬಾರನಿಗೆ, ಬಡಿಗನಿಗೆ ಆ ಅವಕಾಶ ಎಲ್ಲಿ ಸಿಗಬೇಕು? ಇಂದಿಗೂ ಪಟ್ಟಿಯಲ್ಲಿ ಏನಾದರೂ ಸಹಾಯ ಸಿಕ್ಕರೆ ಅದು ಮೆಂಬರರ ಪರಿಚಯದಿಂದ. ಚುನಾವಣೆ ಬಂದರೆ ಅಭ್ಯರ್ಥಿಗಳು ಬೇಬಾಕಿ ಪತ್ರಕ್ಕಾಗಿ ತಮ್ಮ ಹಳೇ ಪಟ್ಟಿಯನ್ನು ಒಂದೇ ದಿನದಲ್ಲಿ ಚುಕ್ತಾ ಮಾಡುವ ಸೊಬಗು ನೋಡಬೇಕು. ಬಿಲ್ ಕಲೆಕ್ಟರನಿಗೆ ಅದೇ ಸುಗ್ಗಿ.

ರಸೀದಿಯನ್ನು ಒಮ್ಮೆ ಓದಿ ನೋಡಿ, ಅದೂ ಒಂದು ಪುರಾಣ. ಕರದ ಜೊತೆಗೆ ಉಪಕರಗಳು. ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಭಿಕ್ಷುಕರಿಗೆ 3%. ಭಿಕ್ಷಾಟನೆ ತಡೆಯಲು 1975ರಲ್ಲಿ ಮಾಡಿದ ಕಾಯ್ದೆಯ ಉಪಕರ ಅದು, ನಿರಾಶ್ರಿತರ ಪರಿಹಾರ ಕೇಂದ್ರಗಳು ಅದರಿಂದ ನಡೆಯುತ್ತವೆ. ಒಳ್ಳೆಯದೇ. ನಮ್ಮ ಓಣಿಯ ಮುದುಕಿಗೆ ಅದನ್ನು ಓದಿ ಹೇಳಿದೆ. ಆಕೆಗೆ ವೃದ್ಧಾಪ್ಯ ವೇತನವೇ ಆಧಾರ. ಸ್ವಲ್ಪ ಹೊತ್ತು ಎಲಿ ಅಡಿಕೆ ಜಗಿದು, "ಹೌದೇನ ತಮ್ಮಾ? ಹಂಗಾರ ನಾನೂ ದಾನಾ ಮಾಡಾಕಿ ಅದೀನೇಳು" ಅಂದಳು. ಸಿಟ್ಟಿನಿಂದ ಅಂದಳೋ ಸಂತೋಷದಿಂದಲೋ, ನನಗೆ ತಿಳಿಯಲಿಲ್ಲ.

ಬಡವರಿಗೆ ಪಟ್ಟಿ ನಿಜವಾಗಿ ಬಡಿಯುವುದು ವರ್ಷಾ ವರ್ಷ ಅಲ್ಲ, ಕಾಗದ ಬೇಕಾದಾಗ. ಬ್ಯಾಂಕಿನವರು ಇ-ಸ್ವತ್ತು ಕೇಳುತ್ತಾರೆ, ನಮೂನೆ 9 ಬೇಕು, 11 ಬೇಕು. ಆಗ ಅಪ್ಪನ ಕಾಲದ ಬಾಕಿಯೆಲ್ಲ ಎದ್ದು ಕೂರುತ್ತದೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಪೂರ್ತಿ ಆಗದಿದ್ದರೆ ಆದಷ್ಟು ಕಟ್ಟಿ, ಮುದ್ರಿತ ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, ಅದರಲ್ಲಿ ಯಾವ ವರ್ಷದ್ದು ಎಂದು ಬರೆಸಿ. ಅಳತೆ ತಪ್ಪಿದ್ದರೆ ಪಿಡಿಒಗೆ ಬಾಯಿಮಾತಲ್ಲಿ ಹೇಳಬೇಡಿ, ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ.

ಹೊಸ ಸರ್ವೆ ಏನೂ ಬೇಕಿಲ್ಲ, ಯಾರು ಬಡವರೆಂದು ಸರ್ಕಾರಕ್ಕೆ ಆಗಲೇ ಗೊತ್ತಿದೆ. ಅಂತ್ಯೋದಯ ಕಾರ್ಡ್ ಇದೆ, ಬಿಪಿಎಲ್ ಕಾರ್ಡ್ ಇದೆ. ಅಕ್ಕಿ ಅಳೆಯುವಾಗ ನೋಡುವ ಅದೇ ಕಾರ್ಡನ್ನು ಪಟ್ಟಿ ಬರೆಯುವಾಗಲೂ ನೋಡಲಿ, ಅಂತ್ಯೋದಯದವರಿಗೆ ಅರ್ಧ ಮಾಡಲಿ, ಪಂಚಾಯಿತಿಗೆ ಆಗುವ ನಷ್ಟವನ್ನು ರಾಜ್ಯ ತುಂಬಿಕೊಡಲಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟನ್ನೂ ಹೇಳಿ, ಠರಾವು ಬರೆದು ಮೇಲೆ ಕಳಿಸಿ ಎಂದೆ. ಚಪ್ಪಾಳೆ ಬಿತ್ತು. ಬಿಲ್ ಕಲೆಕ್ಟರ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಬರೀತಾರ್ರಿ ಸರ್, ಭಾಳ ಚಲೋ ಮಾತು ಹೇಳಿದ್ರಿ. ಆದ್ರ ನಿಮ್ಮದ ಈ ವರ್ಷದ್ದು ಇನ್ನೂ ಬಂದಿಲ್ಲ ನೋಡ್ರಿ."