ಮುಯ್ಯಾಳು

ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಮದ್ದು ಹೊಡೆಯದೆ ಗತಿಯಿಲ್ಲ. ಕೊಳೆ ಬಂದರೆ ಎಳೆಗಾಯಿಗಳೆಲ್ಲ ಮರದ ಬುಡದಲ್ಲಿ. ಶಿರಸಿ ಸೀಮೆಯ ನಮ್ಮೂರಲ್ಲಿ ಮೇ ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: “ನಿಮ್ಮಲ್ಲಿ ಮದ್ದು ಆತಾ?” ಆ ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ಕೇಳಲು ನಾನು ಸಿಕ್ಕಿರಲೇ ಇಲ್ಲ.

ಯುಗಾದಿಯ ಹಿಂದಿನ ವಾರ ಹೆಂಡತಿ ತೀರಿಕೊಂಡಳು. ಹದಿಮೂರನೆಯ ದಿನ ಕಳೆದು ನೆಂಟರು ಹೊರಟ ಮೇಲೆ ಬಾಗಿಲಿಗೆ ಅಗಳಿ ಹಾಕಿದೆ. ಪಕ್ಕದ ಮನೆಯ ಅತ್ತಿಗೆ ಜಗಲಿಯಲ್ಲಿ ಇಟ್ಟುಹೋದ ತಂಬುಳಿಯ ಪಾತ್ರೆಯನ್ನು ಮುಚ್ಚಳ ತೆಗೆಯದೆ ಅವರ ಬೇಲಿಯ ಪಕ್ಕ ಇಟ್ಟುಬಂದೆ. ಮರುದಿನವೂ ಪಾತ್ರೆ ಬಂತು.

ನಮ್ಮಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ನಿಮ್ಮ ತೋಟಕ್ಕೆ ನಾನು ಒಂದು ದಿನ ಬಂದರೆ ನಮ್ಮಲ್ಲಿಗೆ ನೀವು ಒಂದು ದಿನ. ದುಡ್ಡಿನ ಮಾತಿಲ್ಲ, ಲೆಕ್ಕ ಉಂಟು. ಆ ಲೆಕ್ಕವೇ ನನ್ನನ್ನು ಕಟ್ಟಿಹಾಕಿತ್ತು. ತಿರುಗಿ ಕೊಡಲು ಕಸುವಿಲ್ಲದವನು ಯಾವ ಮುಖದಲ್ಲಿ ಪಡೆಯುವುದು? ದುಃಖದಲ್ಲಿ ನನಗೆ ಜನರ ಅಕ್ಕರೆಯೆಲ್ಲ ಸಾಲವಾಗಿ ಕಾಣುತ್ತಿತ್ತು.

ಜೂನ್ ಮೊದಲ ವಾರ ಒಂದು ಬೆಳಗ್ಗೆ ಅಂಗಳದಲ್ಲಿ ಪೀಪಾಯಿ ಉರುಳಿದ ಸದ್ದು. ಬಾಗಿಲ ಸಂದಿಯಲ್ಲಿ ನೋಡಿದರೆ ನಮ್ಮ ಕೊನೆಗೌಡ, 22 ವರ್ಷದಿಂದ ನಮ್ಮ ಮರ ಹತ್ತುವವನು. ಕರೆದಿರಲಿಲ್ಲ. ಬಾಗಿಲು ಬಡಿಯಲೂ ಇಲ್ಲ. ತನ್ನ ಪಾಡಿಗೆ ಒಂದು ಪೀಪಾಯಿಯಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಕರಗಿಸಿದ, ಇನ್ನೊಂದರಲ್ಲಿ ಅಷ್ಟೇ ನೀರಿಗೆ 1 ಕಿಲೋ ಸುಣ್ಣ. ಮೈಲುತುತ್ತ ಅವನೇ ತಂದಿದ್ದ; ಸುಣ್ಣ ನಮ್ಮ ಕೊಟ್ಟಿಗೆಯದು, ಹೋದ ವರ್ಷ ಉಳಿದದ್ದು. ಎರಡನ್ನೂ ಮೂರನೆಯ ಪೀಪಾಯಿಗೆ ಹೊಯ್ದ ಮೇಲೆ ಕೂಗಿದ: “ಹೆಗ್ಡೇರೆ, ಚಾಕು ಅದ್ದಿ ನೋಡೋರು ಅಮ್ಮ. ಇವತ್ತು ನೀವೇ ನೋಡ್ಬೇಕು.”

ಮದ್ದಿನ ಹದ ತಿಳಿಯುವುದು ಹಾಗೆ. ಉಜ್ಜಿ ಬೆಳಗಿದ ಕಬ್ಬಿಣದ ಚಾಕು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹೊಡೆದರೆ ಗಿಡ ಸುಡುತ್ತದೆ. ಪ್ರತಿ ವರ್ಷ ಅದು ಅವಳ ಕೆಲಸ. ಅಲಗನ್ನು ಬೆಳಕಿಗೆ ಹಿಡಿದು ಅವಳು ತಲೆಯಾಡಿಸದೆ ಗೌಡ ಮರ ಹತ್ತುತ್ತಿರಲಿಲ್ಲ.

ಅಗಳಿ ತೆಗೆದೆ. ಚಾಕು ಅವಳು ಇಟ್ಟ ಜಾಗದಲ್ಲೇ ಇತ್ತು. ಅದ್ದಿದೆ. ಕೆಂಪು ಹತ್ತಿತು. ಹಳೆಯ ಸುಣ್ಣ, ಸತ್ವ ಹೋಗಿತ್ತು. ಮನೆಯಲ್ಲಿ ಬೇರೆ ಇರಲಿಲ್ಲ. ಗೌಡ ಏನೂ ಹೇಳದೆ ಕಾದ.

ಬೇಲಿಯ ತನಕ ನಡೆದೆ. ಎರಡು ತಿಂಗಳು ಸುಮ್ಮನಿದ್ದ ಗಂಟಲು ಒಡೆದೊಡೆದು ಬಂತು.

“ಅತ್ಗೇ, ಒಂದ್ ಸೇರು ಸುಣ್ಣ ಇದ್ದಾ?”