ಒತ್ತಕ್ಷರ ಒಡೆಯದ ಹಾಗೆ

ಕುಕ್ಕರು ಕೊಳ್ಳಲು ಹೋದಾಗ ನಾವು ಅಂಗಡಿಯವನ ಮಾತಿಗಿಂತ ಹೆಚ್ಚಾಗಿ ಮನೆಯ ಲೆಕ್ಕವನ್ನೇ ನಂಬುತ್ತೇವೆ. ಉಣ್ಣುವವರೆಷ್ಟು, ಒಲೆಯ ಮುಂದೆ ನಿಲ್ಲುವವರು ಯಾರು, ನಾಳೆ ರಬ್ಬರು ಸವೆದರೆ ನಮ್ಮೂರಲ್ಲಿ ಸಿಕ್ಕೀತೇ ಎಂದೆಲ್ಲ ಯೋಚಿಸುತ್ತೇವೆ. ಕಂಪ್ಯೂಟರಿನ ತಂತ್ರಾಂಶ ಆರಿಸುವಾಗ ಮಾತ್ರ ಈ ಜಾಣತನವನ್ನೆಲ್ಲ ಹೊಸಿಲಾಚೆ ಬಿಟ್ಟು, "ಬೇರೆಯವರ ಹತ್ತಿರ ಯಾವುದುಂಟು?" ಎಂದು ಕೇಳುತ್ತೇವಲ್ಲ, ನನಗೆ ಅದೇ ಸೋಜಿಗ.

ಶಿರಸಿಯಲ್ಲಿ ಮೂವರು ಹೆಂಗಸರು ಸೇರಿ ನಡೆಸುವ ಪುಟ್ಟ ಡಿ.ಟಿ.ಪಿ. ಅಂಗಡಿ ನಮ್ಮದು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ನಮ್ಮ ನಿತ್ಯದ ಕೆಲಸ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಬ್ಯಾನರುಗಳ ಸುಗ್ಗಿ. ನಮ್ಮಲ್ಲಿ ಹಿರಿಯರಾದ ಅಕ್ಕ ಪೇಜ್‌ಮೇಕರಿನ ಕಾಲದಿಂದಲೂ 'ನುಡಿ'ಯಲ್ಲಿ ಬೆರಳಾಡಿಸಿದವರು. ಅವರ ಸಂಬಳದಲ್ಲಿ ಒಂದು ಮನೆಯೇ ನಡೆಯುತ್ತದೆ. ಕಿರಿಯವಳು ಈಚೆಗೆ ಓದು ಮುಗಿಸಿದ ಹುಡುಗಿ. ಮೊಬೈಲಿನಲ್ಲಿ ಕ್ಯಾನ್ವಾ ತೆರೆದು, ಚಹಾ ಆರುವುದರೊಳಗೆ ಗೃಹಪ್ರವೇಶದ ಕರೆಯೋಲೆ ಮುಗಿಸುತ್ತಾಳೆ. ಇವರಿಬ್ಬರ ನಡುವೆ ಲೆಕ್ಕದ ಪುಸ್ತಕ ಹಿಡಿದ ನಾನು.

ಹಳೆಯ ಕಂಪ್ಯೂಟರು ಏದುಸಿರು ಬಿಡತೊಡಗಿದಾಗ ಪ್ರಶ್ನೆ ಎದ್ದಿತು. ಪೇಜ್‌ಮೇಕರಿನ ಕೊನೆಯ ಏಳನೇ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಅಂದರೇನೆಂದೇ ತಿಳಿಯದು. ಅಡೋಬಿಯ ಇನ್‌ಡಿಸೈನ್ ಗಟ್ಟಿ ಕೆಲಸಗಾರ, ಕನ್ನಡವನ್ನೂ ಬಲ್ಲದು. ಆದರೆ 2013ರಿಂದ ಅಡೋಬಿ ತನ್ನ ಇಂಥ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಮಾರದೆ ಬಾಡಿಗೆಗೆ ಕೊಡುವ ದಾರಿ ಹಿಡಿಯಿತು. ಮಳೆಗಾಲದಲ್ಲಿ ನಮ್ಮ ಕಡೆ ಮದುವೆಯೂ ಕಡಿಮೆ, ಆಟವೂ ಕಡಿಮೆ. ಬಾಡಿಗೆಗೆ ಮಾತ್ರ ಆಷಾಢವಿಲ್ಲ. ಹುಡುಗಿಯ ಕ್ಯಾನ್ವಾ ಒಂದು ಪುಟದ ಕೆಲಸಕ್ಕೆ ಚೆಂದ. ಆದರೆ ಅದು ಇಂಟರ್‌ನೆಟ್ಟನ್ನು ನೆಚ್ಚಿದ್ದು, ನೂರು ಪುಟದ ವರದಿಯನ್ನು ಅದರ ಮೇಲೆ ಹೇರುವಂತಿಲ್ಲ.

ಅಕ್ಕ ಮೆಲ್ಲನೆ ಅಂದರು: "ಹೊಸದು ತರುವುದಾದರೆ ನನ್ನನ್ನು ಬಿಟ್ಟುಬಿಡಿ ಮಾರಾಯ್ತೀ. ಈ ಬೆರಳಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಲಾರೆ."

ಆ ಮಾತು ಕೇಳಿದ ಮೇಲೆ ಪ್ರಶ್ನೆ ಬರಿಯ ತಂತ್ರಾಂಶದ್ದಾಗಿ ಉಳಿಯಲಿಲ್ಲ.

ನಾವು ಒಂದು ಹಾಳೆಯಲ್ಲಿ ಲಕ್ಷ್ಮೀ, ಜ್ಯೋತ್ಸ್ನಾ, ಸ್ವಾತಂತ್ರ್ಯ, ರಾಷ್ಟ್ರ ಎಂದು ಬರೆದುಕೊಂಡು ಪ್ರತಿಯೊಂದು ತಂತ್ರಾಂಶಕ್ಕೂ ಪರೀಕ್ಷೆ ಇಟ್ಟೆವು. ಮದುವೆ ಕಾಗದದಲ್ಲಿ ಜ್ಯೋತ್ಸ್ನಾಳ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾದರೆ ಹುಡುಗಿಯ ತಂದೆ ಸುಮ್ಮನಿರುತ್ತಾರೆಯೇ? ಬಿಟ್ಟಿಯಾಗಿ ಸಿಗುವ ಇಂಕ್‌ಸ್ಕೇಪ್ ಪಾಸಾಯಿತು. ಪುಟ ಕಟ್ಟುವ ಸ್ಕ್ರೈಬಸ್ಸಿನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6 ಒತ್ತಕ್ಷರವನ್ನು ಅಂದವಾಗಿ ಕೂರಿಸಿತು. ಇನ್ನೊಂದು ಮಾತೂ ಇದೆ. ಕಂಪ್ಯೂಟರಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಬಣ್ಣ ಕಟ್ಟಿದರೆ, ಅಚ್ಚಿನ ಯಂತ್ರ ನಾಲ್ಕು ಶಾಯಿಗಳಲ್ಲಿ ಕಟ್ಟುತ್ತದೆ. ಪರದೆಯ ಮೇಲಿನ ಕುಂಕುಮದ ಕೆಂಪು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಸ್ಕ್ರೈಬಸ್ಸಿನಲ್ಲಿ ನಾಲ್ಕು ಶಾಯಿಯ ಲೆಕ್ಕದಲ್ಲೇ ಪಿಡಿಎಫ್ ಮಾಡಬಹುದು. ಚಿತ್ರ ಇಂಕ್‌ಸ್ಕೇಪಿನಲ್ಲಿ, ಪುಟ ಸ್ಕ್ರೈಬಸ್ಸಿನಲ್ಲಿ, ವಾಟ್ಸಾಪಿಗೆ ಕಳಿಸುವ ಕರೆಯೋಲೆ ಕ್ಯಾನ್ವಾದಲ್ಲಿ ಎಂದು ಒಪ್ಪಂದವಾಯಿತು.

ಅಕ್ಕನ ಭಯಕ್ಕೆ ಮದ್ದು ಕೀಲಿಮಣೆಯಲ್ಲೇ ಇತ್ತು. 'ನುಡಿ'ಯ ಕೀಲಿ ವಿನ್ಯಾಸದ ಮೂಲ ಕೆ.ಪಿ. ರಾಯರದು. ಅದೇ ವಿನ್ಯಾಸ ಯೂನಿಕೋಡಿಗೂ ಬಂದಿದೆ. ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಕೂಡುವುದು ಅಲ್ಲೂ ಹಾಗೆಯೇ. ಅಕ್ಕ ಅನುಮಾನಿಸುತ್ತಲೇ ಕೂತು ಒಂದು ಪುಟ ಹೊಡೆದರು. ಬೆರಳು ಎಲ್ಲೂ ಎಡವಲಿಲ್ಲ. "ಅಯ್ಯೋ, ಇದು ನಮ್ಮದೇ ಅಲ್ಲವೇ!" ಅಂದರು.

ಇನ್ನು ಉಳಿದದ್ದು ಹಳೆಯ ಫೈಲುಗಳು. ಅವುಗಳ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿದ್ದರೂ ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪುತ್ತದೆ, ಕೊಂಬು ಕಳಚುತ್ತದೆ. ಸಾಲುಸಾಲಾಗಿ ಓದಿ ತಿದ್ದುವ ಕಣ್ಣು ಅಕ್ಕನಿಗಿದ್ದಷ್ಟು ನಮ್ಮಿಬ್ಬರಿಗಿಲ್ಲ. ಹುಡುಗಿ ಈಗ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಆ ವಿದ್ಯೆ ಕಲಿಯುತ್ತಿದ್ದಾಳೆ.

ನಿಮ್ಮಲ್ಲೂ ನಾಲ್ಕು ಜನ ಸೇರಿ ಇಂಥ ಕೆಲಸ ನಡೆಸುವವರಿದ್ದರೆ ಒಂದು ಮಾತು: ಒಬ್ಬರು ಬಾಣಂತನಕ್ಕೋ ಆಸ್ಪತ್ರೆಗೋ ಹೋದ ದಿನ ಇನ್ನೊಬ್ಬರು ಕೂತು ಮುಗಿಸಬಲ್ಲ ತಂತ್ರಾಂಶವನ್ನೇ ಆರಿಸಿಕೊಳ್ಳಿ. ನಮ್ಮ ಲೆಕ್ಕದ ಪುಸ್ತಕದಲ್ಲಿ ತಂತ್ರಾಂಶದ ಬಾಡಿಗೆ ಎಂಬ ಕಲಮು ಇಲ್ಲ. ಸಂಬಳದ ಕಲಮಿನಲ್ಲಿ ಮೂರು ಹೆಸರುಗಳೂ ಹಾಗೆಯೇ ಇವೆ.